ಜ್ಯಾಂಗೋ ಅಪ್ಲಿಕೇಶನ್ ಕೈಕೊಟ್ಟಾಗ: ದೋಷದ ಜಾಡು ಹಿಡಿಯುವ ಸಮಗ್ರ ಮಾರ್ಗದರ್ಶಿ

ಹಳ್ಳಿಯೊಂದರ ಹಾಲಿನ ಡೇರಿಗೆ ನಾನು ಪೈಥಾನ್ ಭಾಷೆಯಲ್ಲಿ ವೆಬ್ ಅಪ್ಲಿಕೇಶನ್ ಬರೆಯಲು ನೆರವಾಗುವ ಜ್ಯಾಂಗೋ ಫ್ರೇಮ್‌ವರ್ಕ್‌ನಲ್ಲಿ ಒಂದು ಲೆಕ್ಕದ ಅಪ್ಲಿಕೇಶನ್ ಬರೆದುಕೊಟ್ಟಿದ್ದೆ. ಕೆಲವು ವಾರ ತಕರಾರಿಲ್ಲದೆ ನಡೆದ ಮೇಲೆ ಸೆಕ್ರೆಟರಿಯವರಿಂದ ಒಂದು ದೂರು ಬಂತು. ಬೆಳಗ್ಗೆ ಕೆಲವರ ಹಾಲನ್ನು ನಮೂದಿಸಲು ಹೋದರೆ ಪರದೆಯ ಮೇಲೆ ‘ಸರ್ವರ್ ಎರರ್ 500’ ಎಂದು ಬರುತ್ತದೆ; ಸ್ವಲ್ಪ ಹೊತ್ತು ಬಿಟ್ಟು ಅದೇ ಲೆಕ್ಕವನ್ನು ಮತ್ತೆ ಹಾಕಿದರೆ ಸರಿಹೋಗುತ್ತದೆ. ದಿನವೂ ಹೀಗಾಗುವುದಿಲ್ಲ, ಎಲ್ಲರಿಗೂ ಆಗುವುದಿಲ್ಲ, ಸಂಜೆಯ ಹೊತ್ತಿನಲ್ಲಂತೂ ಆಗುವುದೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಎಷ್ಟು ಸಲ ಪ್ರಯತ್ನಿಸಿದರೂ ಅದು ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ.

ಇಂಥ ದೋಷದ ಮುಂದೆ ಕುಳಿತಾಗ ಕೈ ತಾನಾಗಿಯೇ ಕೋಡ್ ತಿದ್ದಲು ಹೊರಡುತ್ತದೆ. ಅದನ್ನು ತಡೆದು, ರಿಕ್ವೆಸ್ಟ್ (ಬ್ರೌಸರ್ ಸರ್ವರಿಗೆ ಕಳಿಸುವ ಕೋರಿಕೆ) ಎಲ್ಲಿಯವರೆಗೆ ಹೋಗಿ ನಿಂತಿತು ಎಂಬುದನ್ನು ಮೊದಲು ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಳೆಲ್ಲ ಲಿನಕ್ಸ್ ಸರ್ವರಿನಲ್ಲಿ ಎಂಜಿನ್‌ಎಕ್ಸ್, ಗುನಿಕಾರ್ನ್, ಜ್ಯಾಂಗೋ ಮತ್ತು ಪೋಸ್ಟ್‌ಗ್ರೆಸ್ ಒಂದರ ಹಿಂದೊಂದು ನಿಂತಿರುವ ಸಾಮಾನ್ಯ ವ್ಯವಸ್ಥೆಗೆ ಸೇರಿದವು. ಎಂಜಿನ್‌ಎಕ್ಸ್ ರಿಕ್ವೆಸ್ಟನ್ನು ಮೊದಲು ಪಡೆಯುವ ವೆಬ್ ಸರ್ವರ್, ಗುನಿಕಾರ್ನ್ ಅದನ್ನು ಪೈಥಾನ್ ಕೋಡಿಗೆ ದಾಟಿಸುವ ಸರ್ವರ್, ಪೋಸ್ಟ್‌ಗ್ರೆಸ್ ಡೇಟಾಬೇಸ್. ಬೇರೆ ಫ್ರೇಮ್‌ವರ್ಕ್ ಬಳಸುವವರು ಹೆಸರುಗಳನ್ನು ಬದಲಿಸಿಕೊಂಡರೆ ಬಹುಪಾಲು ಇದೇ ಕ್ರಮ ನಡೆಯುತ್ತದೆ.

ಹಂತ 1: ರಿಕ್ವೆಸ್ಟ್ ಎಲ್ಲಿ ನಿಂತಿತು?

ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟುಕೊಂಡು, ತೊಂದರೆ ಕೊಡುವ ಪುಟವನ್ನು ಮತ್ತೊಮ್ಮೆ ಕರೆಯಿರಿ. ಅಲ್ಲಿ ಸಿಗುವ ಮೂರಂಕಿಯ ಸ್ಟೇಟಸ್ ಕೋಡ್ ಅರ್ಧ ದಾರಿ ತೋರಿಸುತ್ತದೆ.

502 ಬಂದಿದ್ದರೆ ಎಂಜಿನ್‌ಎಕ್ಸ್ ತನ್ನ ಹಿಂದಿರುವ ಗುನಿಕಾರ್ನ್‌ನಿಂದ ಸರಿಯಾದ ಉತ್ತರ ಪಡೆದಿಲ್ಲ ಎಂದರ್ಥ. ಗುನಿಕಾರ್ನ್ ಏಳದೆಯೇ ಬಿದ್ದಿರಬಹುದು, ಇಲ್ಲವೇ ನಡುವೆ ಸತ್ತಿರಬಹುದು. ಇದರಲ್ಲಿ ಹಲವರು ಎಡವುವ ಒಂದು ಸೂಕ್ಷ್ಮವಿದೆ. ಪುಟ ಬಹಳ ನಿಧಾನವಾದರೆ 504 (ಹಿಂದಿನ ಸರ್ವರ್ ಸಮಯಕ್ಕೆ ಉತ್ತರಿಸಲಿಲ್ಲ ಎಂಬ ಕೋಡ್) ಬರಬೇಕೆಂದು ನಾವು ಕಾಯುತ್ತೇವೆ. ಆದರೆ ಗುನಿಕಾರ್ನ್ ಮಾಮೂಲಿಯಾಗಿ 30 ಸೆಕೆಂಡು ಮಾತ್ರ ಕಾದು ವರ್ಕರನ್ನು (ರಿಕ್ವೆಸ್ಟ್ ನಿಭಾಯಿಸುತ್ತಿರುವ ಪ್ರಾಸೆಸ್ಸನ್ನು) ಕೊಂದುಹಾಕುತ್ತದೆ, ಎಂಜಿನ್‌ಎಕ್ಸ್ 60 ಸೆಕೆಂಡಿನವರೆಗೆ ಕಾಯಲು ಸಿದ್ಧವಿರುತ್ತದೆ. ಹೀಗಾಗಿ ಯಾವ ಸೆಟ್ಟಿಂಗನ್ನೂ ಮುಟ್ಟದ ಸರ್ವರಿನಲ್ಲಿ ನಿಧಾನದ ರೋಗವೂ 502 ವೇಷದಲ್ಲಿಯೇ ಬರುತ್ತದೆ. ಗುನಿಕಾರ್ನ್ ಲಾಗಿನಲ್ಲಿ ‘ವರ್ಕರ್ ಟೈಮ್‌ಔಟ್’ ಎಂಬ ಸಾಲಿದ್ದರೆ ಅದು ನಿಧಾನದ ಸಮಸ್ಯೆ ಎಂದು ತಿಳಿಯಿರಿ.

413 ಎಂಬುದು ಎಂಜಿನ್‌ಎಕ್ಸ್ ಬಾಗಿಲಲ್ಲೇ ತಡೆದದ್ದು. ಅದು ಮಾಮೂಲಿಯಾಗಿ 1 ಎಂಬಿಗಿಂತ ದೊಡ್ಡ ಅಪ್‌ಲೋಡನ್ನು ಒಳಗೆ ಬಿಡುವುದಿಲ್ಲ; ಇಂದಿನ ಫೋನುಗಳಲ್ಲಿ ತೆಗೆದ ಫೋಟೋ ಅದನ್ನು ಸುಲಭವಾಗಿ ಮೀರುತ್ತದೆ. ಇದಕ್ಕೆ ಜ್ಯಾಂಗೋದಲ್ಲಿ ಏನು ತಿದ್ದಿದರೂ ಪ್ರಯೋಜನವಿಲ್ಲ, ಎಂಜಿನ್‌ಎಕ್ಸ್‌ನ ‘ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್’ ಮಿತಿಯನ್ನು ಏರಿಸಬೇಕು.

400, 403, 404 ಮತ್ತು 500 ಸಾಮಾನ್ಯವಾಗಿ ಜ್ಯಾಂಗೋದವರೆಗೆ ತಲುಪಿದ ಮೇಲೆ ಹುಟ್ಟುವಂಥವು. ಡೇರಿಯ ದೂರಿನಲ್ಲಿದ್ದದ್ದು 500, ಅಂದರೆ ನನ್ನ ಕೋಡ್ ಓಡುತ್ತಿರುವಾಗಲೇ ಮುಗ್ಗರಿಸಿತ್ತು.

ಹಂತ 2: ಲಾಗ್ ಎಲ್ಲಿ ಬೀಳುತ್ತಿದೆ ಎಂದು ಖಚಿತಪಡಿಸಿಕೊಳ್ಳಿ

ಸರ್ವರಿಗೆ ಲಾಗಿನ್ ಆಗಿ ಗುನಿಕಾರ್ನ್ ಲಾಗ್ ತೆರೆದರೆ ಅಲ್ಲಿ 500ರ ಸುಳಿವೇ ಇರಲಿಲ್ಲ. ಇದು ನನ್ನೊಬ್ಬನ ಅನುಭವವಲ್ಲ. ಜ್ಯಾಂಗೋದ ಮಾಮೂಲಿ ವ್ಯವಸ್ಥೆಯಲ್ಲಿ ಡೀಬಗ್ ಎಂಬ ಸೆಟ್ಟಿಂಗ್ ಟ್ರೂ ಆಗಿದ್ದಾಗ ಮಾತ್ರ ದೋಷಗಳು ಕನ್ಸೋಲಿನಲ್ಲಿ ಕಾಣುತ್ತವೆ. ಅದನ್ನು ಫಾಲ್ಸ್ ಮಾಡಿದೊಡನೆ ಕನ್ಸೋಲ್ ಮೌನವಾಗಿ, ದೋಷಗಳು ‘ಅಡ್ಮಿನ್ಸ್’ ಪಟ್ಟಿಯಲ್ಲಿರುವವರಿಗೆ ಇಮೇಲ್ ಮೂಲಕ ಹೋಗುತ್ತವೆ. ಆ ಪಟ್ಟಿ ಖಾಲಿಯಿದ್ದರೆ ಯಾರಿಗೂ ಏನೂ ತಲುಪುವುದಿಲ್ಲ.

ಇದಕ್ಕೆ ಪರಿಹಾರವೆಂದರೆ ಸೆಟ್ಟಿಂಗ್ಸ್ ಫೈಲಿನ ‘ಲಾಗಿಂಗ್’ ಡಿಕ್ಷನರಿಯಲ್ಲಿ ಯಾವ ಫಿಲ್ಟರೂ ಇಲ್ಲದ ಒಂದು ಸ್ಟ್ರೀಮ್ ಹ್ಯಾಂಡ್ಲರನ್ನು ಬರೆದು, ‘ಜ್ಯಾಂಗೋ’ ಎಂಬ ಲಾಗರಿಗೆ ಅದನ್ನು ಜೋಡಿಸುವುದು. ಅಲ್ಲಿಂದ ಮುಂದೆ, ದೋಷದವರೆಗಿನ ಕರೆಗಳ ಸರಣಿಯನ್ನು ತೋರಿಸುವ ಟ್ರೇಸ್‌ಬ್ಯಾಕ್ ಗುನಿಕಾರ್ನ್ ಲಾಗಿಗೇ ಬಂದು ಬೀಳುತ್ತದೆ. ಅವಸರದಲ್ಲಿ ಸರ್ವರಿನ ಡೀಬಗ್ಗನ್ನೇ ಟ್ರೂ ಮಾಡಿ ನೋಡುವ ಅಭ್ಯಾಸ ಕೆಲವರಿಗಿದೆ; ಅದನ್ನು ಖಂಡಿತ ಮಾಡಬಾರದು. ಆಗ ಬರುವ ಹಳದಿ ದೋಷಪುಟದಲ್ಲಿ ನಿಮ್ಮ ಕೋಡಿನ ಸಾಲುಗಳು, ವೇರಿಯಬಲ್‌ಗಳ ಬೆಲೆಗಳು, ಸೆಟ್ಟಿಂಗ್‌ಗಳ ದೊಡ್ಡ ಭಾಗ ಎಲ್ಲವೂ ದಾರಿಹೋಕರಿಗೂ ಕಾಣುತ್ತವೆ.

ಹಂತ 3: ಟ್ರೇಸ್‌ಬ್ಯಾಕನ್ನು ಕೆಳಗಿನಿಂದ ಓದಿ

ಪೈಥಾನ್ ಟ್ರೇಸ್‌ಬ್ಯಾಕಿನಲ್ಲಿ ಕಟ್ಟಕಡೆಯ ಕರೆ ಎಲ್ಲಕ್ಕಿಂತ ಕೆಳಗಿರುತ್ತದೆ. ಆದ್ದರಿಂದ ಮೊದಲು ಕೊನೆಯ ಸಾಲನ್ನು ಓದಿ, ದೋಷದ ಹೆಸರನ್ನು ತಿಳಿದುಕೊಳ್ಳಿ. ನಂತರ ಮೇಲಕ್ಕೆ ಹೋಗುತ್ತಾ, ನೀವೇ ಬರೆದ ಫೈಲಿನ ಹೆಸರು ಮೊದಲು ಎಲ್ಲಿ ಎದುರಾಗುತ್ತದೆಯೋ ಅಲ್ಲಿ ನಿಲ್ಲಿ. ಜ್ಯಾಂಗೋದ ಒಳಗಿನ ಫೈಲುಗಳ ಇಪ್ಪತ್ತು ಮೂವತ್ತು ಸಾಲು ನಡುವೆ ಬಂದರೂ ಅವುಗಳನ್ನು ದಾಟಿಬಿಡಬಹುದು. ತಪ್ಪು ಹತ್ತರಲ್ಲಿ ಒಂಬತ್ತು ಸಲ ನಮ್ಮದೇ ಆಗಿರುತ್ತದೆ. ಒಂದು ಟ್ರೇಸ್‌ಬ್ಯಾಕ್ ಮುಗಿದು, ‘ಮೇಲಿನದನ್ನು ನಿಭಾಯಿಸುವಾಗ ಇನ್ನೊಂದು ದೋಷ ಉಂಟಾಯಿತು’ ಎಂಬರ್ಥದ ಇಂಗ್ಲಿಷ್ ವಾಕ್ಯದ ನಂತರ ಎರಡನೆಯದು ಶುರುವಾಗಿದ್ದರೆ, ಮೂಲ ಕಾರಣವನ್ನು ಮೊದಲನೆಯದರಲ್ಲಿ ಹುಡುಕಿ.

ಮರುದಿನ ಬೆಳಗ್ಗೆ ಲಾಗಿನಲ್ಲಿ ಸಿಕ್ಕಿದ್ದು ‘ಇಂಟೆಗ್ರಿಟಿ ಎರರ್’. ಒಬ್ಬ ಸದಸ್ಯ, ಒಂದು ದಿನಾಂಕ, ಒಂದು ಹೊತ್ತು, ಈ ಮೂರೂ ಸೇರಿ ಒಂದೇ ನಮೂದು ಇರಬೇಕೆಂದು ನಾನು ಹಾಕಿದ್ದ ಯೂನಿಕ್ ನಿರ್ಬಂಧವನ್ನು ಮುರಿಯಲು ಹೋದದ್ದಕ್ಕೆ ಪೋಸ್ಟ್‌ಗ್ರೆಸ್ ಒಪ್ಪಿರಲಿಲ್ಲ. ಸೆಕ್ರೆಟರಿ ಎರಡು ಸಲ ಬಟನ್ ಒತ್ತಿರಬೇಕು ಎಂದುಕೊಂಡು ನಾನು ಅಲ್ಲಿಗೇ ಓದುವುದನ್ನು ನಿಲ್ಲಿಸಿಬಿಡುತ್ತಿದ್ದೆ. ಆದರೆ ಪೋಸ್ಟ್‌ಗ್ರೆಸ್ ದೋಷದ ಕೆಳಗೆ ‘ಡೀಟೇಲ್’ ಎಂದು ಇನ್ನೊಂದು ಸಾಲು ಬರೆಯುತ್ತದೆ, ಘರ್ಷಣೆಯಾದ ಬೆಲೆಗಳನ್ನು ಅದರಲ್ಲಿ ಕೊಡುತ್ತದೆ. ಆ ಸಾಲಿನಲ್ಲಿದ್ದ ದಿನಾಂಕ ನಿನ್ನೆಯದು.

ಹಂತ 4: ದೋಷವನ್ನು ಕೈಯಾರೆ ಮರಳಿ ತರಿಸಿ

ಲಾಗಿನಲ್ಲಿ ದೋಷ ಬಿದ್ದ ಹೊತ್ತುಗಳನ್ನು ಪಟ್ಟಿ ಮಾಡಿದಾಗ ಎಲ್ಲವೂ ಬೆಳಗ್ಗೆ 5 ಗಂಟೆಯಿಂದ 5:30ರ ಒಳಗಿದ್ದವು. ಭಾರತದ ಸಮಯ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಬೆಳಗಿನ 5:15 ಆಗಿರುವಾಗ ಯುಟಿಸಿಯಲ್ಲಿ ಹಿಂದಿನ ರಾತ್ರಿ 11:45, ದಿನಾಂಕವೂ ಹಿಂದಿನದೇ.

ಜ್ಯಾಂಗೋ 2005ರಲ್ಲಿ ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕೆಯೊಂದರ ಕಚೇರಿಯಿಂದ ಹೊರಬಂದ ಫ್ರೇಮ್‌ವರ್ಕ್. ಅದರ ಒಳಗಿನ ಮೂಲ ಸೆಟ್ಟಿಂಗಿನಲ್ಲಿ ಟೈಮ್‌ಜೋನ್ ಇವತ್ತಿಗೂ ಅಲ್ಲಿಯ ಗಡಿಯಾರಕ್ಕೆ ಹೊಂದುವ ‘ಅಮೆರಿಕ/ಶಿಕಾಗೋ’ ಎಂದೇ ಇದೆ. ಹೊಸ ಪ್ರಾಜೆಕ್ಟ್ ಶುರುಮಾಡಿದಾಗ ಹುಟ್ಟುವ ಸೆಟ್ಟಿಂಗ್ಸ್ ಫೈಲು ಅದನ್ನು ‘ಯುಟಿಸಿ’ ಎಂದು ಬದಲಿಸುತ್ತದೆ. ಅದನ್ನು ‘ಏಷ್ಯಾ/ಕೋಲ್ಕತಾ’ ಮಾಡುವ ಕೆಲಸ ನಮಗೇ ಬಿಟ್ಟದ್ದು, ನಾನು ಮರೆತಿದ್ದೆ. ದಿನಾಂಕದ ಫೀಲ್ಡಿಗೆ ಹಾಕಿದ್ದ ‘ಆಟೋ ನೌ ಆಡ್’ ಎಂಬ ಆಯ್ಕೆ ಪೈಥಾನಿನ ‘ಡೇಟ್ ಟುಡೇ’ಯನ್ನು ಕರೆಯುತ್ತದೆ, ಲಿನಕ್ಸಿನಲ್ಲಿ ಜ್ಯಾಂಗೋ ತನ್ನ ಟೈಮ್‌ಜೋನನ್ನು ಇಡೀ ಪ್ರಾಸೆಸ್ಸಿಗೆ ತೊಡಿಸುವುದರಿಂದ ಅದು ಯುಟಿಸಿ ದಿನಾಂಕವನ್ನೇ ಕೊಡುತ್ತದೆ. ವಿಂಡೋಸಿನಲ್ಲಿ ಹಾಗೆ ತೊಡಿಸುವ ಸೌಲಭ್ಯವಿಲ್ಲದ ಕಾರಣ ನನ್ನ ಲ್ಯಾಪ್‌ಟಾಪ್ ಭಾರತದ ದಿನಾಂಕವನ್ನೇ ತೋರಿಸುತ್ತಿತ್ತು. ಬೆಳಗಿನ ಜಾವ ಎದ್ದು ಕುಳಿತು ಪರೀಕ್ಷಿಸಿದ್ದರೂ ಅದರಲ್ಲಿ ದೋಷ ಸಿಗುತ್ತಿರಲಿಲ್ಲ.

ಕೆಲವರಿಗೆ ಮಾತ್ರ ಏಕೆ ಹೀಗಾಗುತ್ತಿತ್ತು ಎಂಬುದೂ ಈಗ ಬಿಡಿಸಿಕೊಂಡಿತು. ನಿನ್ನೆ 5:45ಕ್ಕೆ ಬಂದವರ ಹಾಲು ನಿನ್ನೆಯ ದಿನಾಂಕಕ್ಕೆ ಸರಿಯಾಗಿ ಬಿದ್ದಿರುತ್ತದೆ. ಅವರೇ ಇಂದು 5:15ಕ್ಕೆ ಬಂದರೆ ಆ ನಮೂದೂ ನಿನ್ನೆಯ ದಿನಾಂಕಕ್ಕೇ ಹೋಗಿ ಡಿಕ್ಕಿ ಹೊಡೆಯುತ್ತದೆ. ದಿನವೂ 5:15ಕ್ಕೇ ಬರುವವರ ಲೆಕ್ಕ ಒಂದು ದಿನ ಹಿಂದೆ ಬೀಳುತ್ತಾ ಹೋದರೂ ಘರ್ಷಣೆಯಿಲ್ಲ, ದೋಷವೂ ಕಾಣುವುದಿಲ್ಲ. ಹಾಲಿನ ವ್ಯಾನ್ ಬರುವ ಹೊತ್ತು ಬದಲಾಗಿ ಡೇರಿಯನ್ನು 5ಕ್ಕೇ ತೆರೆಯಲು ಶುರುಮಾಡಿದ ಮೇಲೆಯೇ ಈ ಗೋಜಲು ಹುಟ್ಟಿತ್ತು.

ಕಾರಣ ಗೊತ್ತಾದ ಮೇಲೂ ನೇರವಾಗಿ ತಿದ್ದಬೇಡಿ. ದೋಷವನ್ನು ಮರಳಿ ತರಿಸುವ ಒಂದು ಟೆಸ್ಟ್ ಬರೆದು, ಅದು ಸೋಲುವುದನ್ನು ಕಣ್ಣಾರೆ ನೋಡಿ. ಫ್ರೀಜ್‌ಗನ್ ಎಂಬ ಲೈಬ್ರರಿಯಿಂದ ಗಡಿಯಾರವನ್ನು ಯುಟಿಸಿ 23:45ಕ್ಕೆ ನಿಲ್ಲಿಸಿ, ಒಂದು ನಮೂದನ್ನು ಉಳಿಸಿ, ಅದರ ದಿನಾಂಕ ಮರುದಿನದ್ದಾಗಿರಬೇಕೆಂದು ಕೇಳಿದರೆ ಸಾಕು.

ಹಂತ 5: ಒಂದು ಸಲಕ್ಕೆ ಒಂದೇ ಬದಲಾವಣೆ

ಮೊದಲು ಟೈಮ್‌ಜೋನನ್ನು ಏಷ್ಯಾ/ಕೋಲ್ಕತಾ ಮಾಡಿದೆ. ಸರ್ವರಿನಲ್ಲಿ ಇಷ್ಟೇ ಸಾಕಾಗುತ್ತಿತ್ತು. ಆದರೆ ಆಪರೇಟಿಂಗ್ ಸಿಸ್ಟಮ್ಮಿಗೆ ತಕ್ಕಂತೆ ಬದಲಾಗುವ ನಡವಳಿಕೆಯನ್ನು ಉಳಿಸಿಕೊಳ್ಳುವುದು ನನಗೆ ಸರಿಕಾಣಲಿಲ್ಲ. ಆದ್ದರಿಂದ ಎರಡನೆಯ ಬದಲಾವಣೆಯಾಗಿ ‘ಆಟೋ ನೌ ಆಡ್’ ತೆಗೆದು, ಫೀಲ್ಡಿನ ಡೀಫಾಲ್ಟಾಗಿ ಜ್ಯಾಂಗೋದ್ದೇ ಆದ ‘ಟೈಮ್‌ಜೋನ್ ಲೋಕಲ್‌ಡೇಟ್’ ಫಂಕ್ಷನನ್ನು ಕೊಟ್ಟೆ. ಇಲ್ಲಿ ಫಂಕ್ಷನ್ ಹೆಸರಿನ ಮುಂದೆ ಕಂಸ ಹಾಕಬಾರದು. ಹಾಕಿದರೆ ಸರ್ವರ್ ಏಳುವ ಹೊತ್ತಿಗೆ ಒಮ್ಮೆ ಮಾತ್ರ ದಿನಾಂಕ ಲೆಕ್ಕಹಾಕಿ, ಮತ್ತೆ ರೀಸ್ಟಾರ್ಟ್ ಆಗುವವರೆಗೂ ಎಲ್ಲ ನಮೂದುಗಳಿಗೆ ಅದನ್ನೇ ಅಂಟಿಸುತ್ತದೆ. ಅದು ಇದಕ್ಕಿಂತ ದೊಡ್ಡ ತಲೆನೋವು.

ಉಳಿದದ್ದು ಆಗಲೇ ತಪ್ಪು ದಿನಾಂಕಕ್ಕೆ ಬಿದ್ದಿದ್ದ ನಮೂದುಗಳು. ಪ್ರತಿ ನಮೂದಿನ ಪೂರ್ಣ ಸಮಯವನ್ನು ಇನ್ನೊಂದು ಫೀಲ್ಡಿನಲ್ಲಿ ಇಟ್ಟುಕೊಂಡಿದ್ದದ್ದು ಪುಣ್ಯ. ಅದನ್ನು ಭಾರತದ ಸಮಯಕ್ಕೆ ಪರಿವರ್ತಿಸಿದರೆ ಸರಿಯಾದ ದಿನಾಂಕ ಸಿಗುತ್ತದೆ. ಡೇಟಾಬೇಸಿನ ಬ್ಯಾಕಪ್ ತೆಗೆದು, ಇತ್ತೀಚಿನ ದಿನದಿಂದ ಹಿಂದಕ್ಕೆ ಒಂದೊಂದಾಗಿ ತಿದ್ದುತ್ತಾ ಹೋದೆ. ಹಳೆಯದರಿಂದ ಶುರುಮಾಡಿದರೆ, ಮುಂದಿನ ದಿನದ ಜಾಗದಲ್ಲಿ ಇನ್ನೂ ತಿದ್ದದ ನಮೂದು ಕುಳಿತಿರುವುದರಿಂದ ಅದೇ ಯೂನಿಕ್ ನಿರ್ಬಂಧ ಮತ್ತೆ ಅಡ್ಡಬರುತ್ತದೆ.

ಸರ್ವರಿಗೆ ಏರಿಸಿದಾಗ ಮಾತ್ರ ಕಾಣುವ ದೋಷಗಳು

ಎಲ್ಲ ಪುಟಗಳೂ 400 ಕೊಡುತ್ತಿದ್ದರೆ ‘ಅಲೌಡ್ ಹೋಸ್ಟ್ಸ್’ ಪಟ್ಟಿಯಲ್ಲಿ ನಿಮ್ಮ ಡೊಮೇನ್ ಇಲ್ಲ. ಪುಟ ಬಂದರೂ ಬಣ್ಣ, ವಿನ್ಯಾಸ ಯಾವುದೂ ಇಲ್ಲದೆ ಬೋಳಾಗಿದ್ದರೆ ಸ್ಟ್ಯಾಟಿಕ್ ಫೈಲುಗಳನ್ನು ಕೊಡುವವರಿಲ್ಲ ಎಂದರ್ಥ: ಜ್ಯಾಂಗೋದ ಪರೀಕ್ಷಾ ಸರ್ವರಾದ ರನ್‌ಸರ್ವರ್ ಡೀಬಗ್ ಇದ್ದಾಗ ಮಾತ್ರ ಆ ಸೇವೆ ಮಾಡುತ್ತದೆ, ಸರ್ವರಿನಲ್ಲಿ ‘ಕಲೆಕ್ಟ್‌ಸ್ಟ್ಯಾಟಿಕ್’ ಓಡಿಸಿ ಎಂಜಿನ್‌ಎಕ್ಸ್ ಅಥವಾ ವೈಟ್‌ನಾಯ್ಸ್ ಎಂಬ ಲೈಬ್ರರಿಗೆ ಆ ಕೆಲಸ ಒಪ್ಪಿಸಬೇಕು.

ಫಾರ್ಮ್ ಕಳಿಸಿದಾಗ 403 ಬಂದರೆ, ಬೇರೆ ತಾಣದಿಂದ ಕಳ್ಳತನದಲ್ಲಿ ಬರುವ ಫಾರ್ಮನ್ನು ತಡೆಯುವ ಸಿಎಸ್‌ಆರ್‌ಎಫ್ ತಪಾಸಣೆ ಸೋತಿದೆ. ಟೆಂಪ್ಲೇಟಿನಲ್ಲಿ ಸಿಎಸ್‌ಆರ್‌ಎಫ್ ಟೋಕನ್ ಟ್ಯಾಗ್ ಇದೆಯೇ ಎಂದು ಮೊದಲು ನೋಡಿ. ಅದು ಇದ್ದೂ ಸರ್ವರಿನಲ್ಲಿ ಮಾತ್ರ ಸೋಲುತ್ತಿದ್ದರೆ ಕಾರಣ ಬೇರೆ. ಜ್ಯಾಂಗೋ 4.0ರಿಂದ ಬ್ರೌಸರ್ ಕಳಿಸುವ ‘ಒರಿಜಿನ್’ ಹೆಡರನ್ನೂ ಹೋಲಿಸಿ ನೋಡುತ್ತದೆ. ಎಚ್‌ಟಿಟಿಪಿಎಸ್ ಎಂಜಿನ್‌ಎಕ್ಸ್‌ನಲ್ಲೇ ಮುಗಿದು ಒಳಗೆ ಬರಿಯ ಎಚ್‌ಟಿಟಿಪಿಯಾಗಿ ಬಂದರೆ ಎರಡೂ ಹೊಂದುವುದಿಲ್ಲ. ‘ಸಿಎಸ್‌ಆರ್‌ಎಫ್ ಟ್ರಸ್ಟೆಡ್ ಒರಿಜಿನ್ಸ್’ನಲ್ಲಿ ಡೊಮೇನನ್ನು ಎಚ್‌ಟಿಟಿಪಿಎಸ್ ಸಮೇತ ಬರೆಯಿರಿ. ತಪಾಸಣೆಯನ್ನೇ ಕಿತ್ತುಹಾಕುವ ‘ಎಕ್ಸೆಂಪ್ಟ್’ ಸಲಹೆ ಅಲ್ಲಲ್ಲಿ ಸಿಗುತ್ತದೆ, ಅದಕ್ಕೆ ಕಿವಿಗೊಡಬೇಡಿ.

ಇನ್ನೊಂದು ಕಳ್ಳ ದೋಷವೆಂದರೆ ಯುಆರ್‌ಎಲ್‌ನ ಕೊನೆಯ ಓರೆಗೆರೆ. ಜಾವಾಸ್ಕ್ರಿಪ್ಟಿನಿಂದ ಪೋಸ್ಟ್ ಮಾಡುವಾಗ ಅದನ್ನು ಬಿಟ್ಟರೆ, ಡೀಬಗ್ ಇದ್ದಾಗ ಜ್ಯಾಂಗೋ ಜೋರಾಗಿ ತಕರಾರು ಎತ್ತುತ್ತದೆ. ಸರ್ವರಿನಲ್ಲಿ ಮಾತ್ರ ಸದ್ದಿಲ್ಲದೆ 301 ಕೊಟ್ಟು ಓರೆಗೆರೆಯಿರುವ ವಿಳಾಸಕ್ಕೆ ಕಳಿಸುತ್ತದೆ, ಬ್ರೌಸರ್ ಆ ಪೋಸ್ಟನ್ನು ಗೆಟ್ ಮಾಡಿಬಿಡುತ್ತದೆ, ತುಂಬಿದ ಮಾಹಿತಿಯೆಲ್ಲ ದಾರಿಯಲ್ಲೇ ಉದುರಿಹೋಗುತ್ತದೆ.

ಮೈಗ್ರೇಶನ್ ಮತ್ತು ನಿಧಾನಗತಿ

ಮೈಗ್ರೇಶನ್ ಎಂದರೆ ಕೋಡಿನ ಮಾಡೆಲಿನಲ್ಲಾದ ಬದಲಾವಣೆಯನ್ನು ಡೇಟಾಬೇಸಿನ ಟೇಬಲಿಗೆ ತರುವ ಫೈಲು. ಟೇಬಲ್ ಇಲ್ಲ, ಕಾಲಮ್ ಇಲ್ಲ ಎಂಬ ದೋಷ ಬಂದರೆ ‘ಶೋಮೈಗ್ರೇಶನ್ಸ್’ ಓಡಿಸಿ, ಯಾವುದರ ಮುಂದೆ ಗುರುತು ಬಿದ್ದಿಲ್ಲ ನೋಡಿ. ಇಬ್ಬರು ಬೇರೆ ಬೇರೆ ಬ್ರಾಂಚಿನಲ್ಲಿ ಒಂದೇ ಆ್ಯಪಿಗೆ ಮೈಗ್ರೇಶನ್ ಬರೆದು ಎರಡು ತುದಿಗಳಾಗಿದ್ದರೆ ‘ಮೇಕ್‌ಮೈಗ್ರೇಶನ್ಸ್’ಗೆ ‘ಮರ್ಜ್’ ಆಯ್ಕೆ ಕೊಟ್ಟು ಸೇರಿಸಿ. ‘ಫೇಕ್’ ಎಂಬ ಆಯ್ಕೆ ಡೇಟಾಬೇಸನ್ನು ಮುಟ್ಟದೆ ‘ಆಗಿದೆ’ ಎಂದು ಗುರುತನ್ನಷ್ಟೇ ಹಾಕುತ್ತದೆ. ಟೇಬಲಿನ ನಿಜಸ್ಥಿತಿಯನ್ನು ಪರೀಕ್ಷಿಸದೆ ಅದನ್ನು ಬಳಸಿದರೆ ಮುಂದಿನ ತಿಂಗಳಿಗೆ ಸಾಲ ಮಾಡಿಟ್ಟಂತೆ.

ನಿಧಾನದ ಮೂಲ ಬಹುತೇಕ ಒಂದೇ. ತಿಂಗಳ ಪಟ್ಟಿಯಲ್ಲಿ 180 ಸಾಲುಗಳಿದ್ದು, ಟೆಂಪ್ಲೇಟಿನ ಲೂಪಿನಲ್ಲಿ ಪ್ರತಿ ನಮೂದಿಗೂ ಸದಸ್ಯರ ಹೆಸರನ್ನು ಕೇಳಿದರೆ ಡೇಟಾಬೇಸಿಗೆ 181 ಕ್ವೆರಿ ಹೋಗುತ್ತವೆ. ಜ್ಯಾಂಗೋ ಡೀಬಗ್ ಟೂಲ್‌ಬಾರ್ ಹಾಕಿಕೊಂಡು ಕ್ವೆರಿಗಳ ಸಂಖ್ಯೆ ನೋಡಿ. ಫಾರಿನ್ ಕೀ ಆದರೆ ‘ಸೆಲೆಕ್ಟ್ ರಿಲೇಟೆಡ್’, ಅನೇಕಕ್ಕೆ ಅನೇಕ ಸಂಬಂಧವಾದರೆ ‘ಪ್ರಿಫೆಚ್ ರಿಲೇಟೆಡ್’ ಬಳಸಿದಾಗ ಆ ಸಂಖ್ಯೆ ಒಂದೆರಡಕ್ಕೆ ಇಳಿಯಬೇಕು. ಗುನಿಕಾರ್ನ್‌ನ 30 ಸೆಕೆಂಡನ್ನು ಏರಿಸುವ ಯೋಚನೆ ಅದಕ್ಕಿಂತ ಮುಂಚೆ ಬೇಡ.

ಕನ್ನಡ ಪಠ್ಯ ತರುವ ತೊಡಕುಗಳು

ಇಂಗ್ಲಿಷಿನಲ್ಲಿ ಪರೀಕ್ಷಿಸಿದ ಅಪ್ಲಿಕೇಶನ್ ಕನ್ನಡ ಕಂಡೊಡನೆ ಮುಗ್ಗರಿಸುವುದು ನಮ್ಮಲ್ಲಿ ನಿತ್ಯದ ಮಾತು. ಇಂಗ್ಲಿಷ್ ದಾಖಲೆಗಳಲ್ಲಿ ಇದಕ್ಕೆ ಪರಿಹಾರ ಸುಲಭವಾಗಿ ಸಿಗದ ಕಾರಣ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಜ್ಯಾಂಗೋದ ಮಾಮೂಲಿ ಬಳಕೆದಾರ ಹೆಸರಿನ ಜಾಗದಲ್ಲಿ ‘ಕಮಲ’ ಎಂದು ಬರೆದರೆ ಒಪ್ಪುತ್ತದೆ, ‘ಸುರೇಶ’ ಎಂದರೆ ಒಪ್ಪುವುದಿಲ್ಲ. ತಪಾಸಣೆಗೆ ಬಳಸಿರುವ ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ‘ಪದದ ಅಕ್ಷರ’ ಎಂದರೆ ಮೂಲಾಕ್ಷರ, ಅಂಕಿ ಮತ್ತು ಅಡಿಗೆರೆ (_) ಮಾತ್ರ. ಕೊಂಬು, ಏತ್ವ, ದೀರ್ಘ, ಅನುಸ್ವಾರ, ಅರ್ಧಾಕ್ಷರದ ‘್’ ಚಿಹ್ನೆಗಳು ಯೂನಿಕೋಡಿನಲ್ಲಿ ಬೇರೆ ವರ್ಗಕ್ಕೆ ಸೇರಿವೆ. ಶೀರ್ಷಿಕೆಯನ್ನು ಯುಆರ್‌ಎಲ್‌ನಲ್ಲಿ ಬಳಸುವ ಸ್ಲಗ್ ಆಗಿ ಬದಲಿಸುವ ‘ಸ್ಲಗಿಫೈ’ ಫಂಕ್ಷನ್ನಿಗೂ ಇದೇ ಕಾಯಿಲೆ: ಯೂನಿಕೋಡ್ ಅನುಮತಿಸಿದರೂ ‘ಬೆಂಗಳೂರು’ ಎಂಬುದು ‘ಬಗಳರ’ ಆಗಿ ಹೊರಬರುತ್ತದೆ. ಕನ್ನಡ ಸ್ಲಗ್ ಬೇಕೆಂದರೆ ಯೂನಿಕೋಡ್ ಬ್ಲಾಕಿನ 0ಸಿ80ರಿಂದ 0ಸಿಎಫ್ಎಫ್‌ವರೆಗಿನ ಅಕ್ಷರಗಳನ್ನು ಉಳಿಸುವ ನಿಮ್ಮದೇ ಫಂಕ್ಷನ್ ಮತ್ತು ವ್ಯಾಲಿಡೇಟರ್ ಬರೆದುಕೊಳ್ಳಿ. ಯುಆರ್‌ಎಲ್ ಮಾದರಿಯಲ್ಲಿ ‘ಸ್ಲಗ್’ ಕನ್ವರ್ಟರ್ ಆಸ್ಕಿ ಅಕ್ಷರಗಳನ್ನು ಮಾತ್ರ ಹಿಡಿಯುವುದರಿಂದ ಅಲ್ಲಿ ‘ಎಸ್‌ಟಿಆರ್’ ಬಳಸಿ.

ಹುಡುಕಿದರೆ ಹೆಸರು ಸಿಗುವುದಿಲ್ಲ, ಪಟ್ಟಿಯಲ್ಲಿ ಮಾತ್ರ ಕಣ್ಣೆದುರೇ ಇದೆ ಎಂಬ ದೂರು ಬಂದರೆ ಕಣ್ಣಿಗೆ ಕಾಣದ ಅಕ್ಷರವನ್ನು ಅನುಮಾನಿಸಿ. ‘ಮಂಜುನಾಥ್’ ಎಂದು ಬರೆದಾಗ ಕೆಲವು ಕೀಲಿಮಣೆಗಳು ಕೊನೆಯ ಅರ್ಧಾಕ್ಷರದ ನಂತರ ‘ಜೀರೋ ವಿಡ್ತ್ ನಾನ್ ಜಾಯ್ನರ್’ ಎಂಬ ಅದೃಶ್ಯ ಚಿಹ್ನೆಯನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ, ಡೇಟಾಬೇಸಿಗೆ ಎರಡೂ ಬೇರೆ. ಜ್ಯಾಂಗೋ ಶೆಲ್ಲಿನಲ್ಲಿ ಆ ಹೆಸರನ್ನು ಪೈಥಾನಿನ ‘ಆಸ್ಕಿ’ ಫಂಕ್ಷನ್ನಿಗೆ ಕೊಟ್ಟು ನೋಡಿದರೆ ಕೊನೆಯಲ್ಲಿ 200ಸಿ ಎಂಬ ಸಂಕೇತ ಬಯಲಾಗುತ್ತದೆ. ‘ಸ್ಟ್ರಿಪ್’ ಅದನ್ನು ತೆಗೆಯುವುದಿಲ್ಲ, ಏಕೆಂದರೆ ಅದು ಖಾಲಿಜಾಗದ ಲೆಕ್ಕಕ್ಕೆ ಬರುವುದಿಲ್ಲ. ಯೂನಿಕೋಡ್ ನಾರ್ಮಲೈಸೇಶನ್ನಿನ ಎನ್‌ಎಫ್‌ಸಿ ರೂಪವೂ ಅದನ್ನು ಬಿಡುತ್ತದೆ. ಆದರೂ ‘ೋ’ ಎಂಬ ಸ್ವರಚಿಹ್ನೆ ಒಂದೇ ಸಂಕೇತವಾಗಿಯೂ ಮೂರು ತುಂಡಾಗಿಯೂ ಬರಬಹುದಾದ್ದರಿಂದ ಎನ್‌ಎಫ್‌ಸಿ ಬೇಕೇ ಬೇಕು. ಆ ಅದೃಶ್ಯ ಚಿಹ್ನೆಯನ್ನು ಮೂಲ ಪಠ್ಯದಿಂದಲೇ ಅಳಿಸಿದರೆ ‘ಫ್ರೇಮ್‌ವರ್ಕ್’ನಂಥ ಪದದಲ್ಲಿ ಒತ್ತಕ್ಷರ ತಪ್ಪಾಗಿ ಕೂಡಿಕೊಳ್ಳುತ್ತದೆ. ಹೀಗಾಗಿ ತೋರಿಸಲು ಒಂದು ಕಾಲಮ್, ಎನ್‌ಎಫ್‌ಸಿ ಮಾಡಿ ಅದೃಶ್ಯ ಚಿಹ್ನೆ ತೆಗೆದ ಹುಡುಕಾಟದ ಕಾಲಮ್ ಇನ್ನೊಂದು ಇಟ್ಟುಕೊಳ್ಳುವುದೇ ವಾಸಿ. ಹುಡುಕುವವರು ಟೈಪಿಸಿದ ಪದವನ್ನೂ ಅದೇ ಫಂಕ್ಷನ್ನಿನಲ್ಲಿ ಹಾಯಿಸಿ ಹೋಲಿಸಿ.

ಉದ್ದದ ಮಿತಿಯನ್ನೂ ನೋಡಿಕೊಳ್ಳಿ. ‘ಕನ್ನಡ’ ಎಂಬುದು ಓದುವವರಿಗೆ ಮೂರಕ್ಷರ, ಪೈಥಾನಿಗೆ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಇಂಗ್ಲಿಷ್ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು 20ಕ್ಕೆ ಮಿತಿ ಹಾಕಿದರೆ ಊರು, ಮನೆತನ ಸೇರಿದ ಹೆಸರು ಅರ್ಧಕ್ಕೇ ನಿಲ್ಲುತ್ತದೆ. ಮೈಎಸ್‌ಕ್ಯೂಎಲ್ ಬಳಸುವವರ ಹಳೆಯ ‘ಯುಟಿಎಫ್8’ ಟೇಬಲ್‌ಗಳು ಅಕ್ಷರಕ್ಕೆ 3 ಬೈಟ್ ಮಾತ್ರ ಕೊಡುತ್ತವೆ. ಕನ್ನಡ ಅದರಲ್ಲಿ ಹಿಡಿಯುವುದರಿಂದ ಎಲ್ಲವೂ ಸರಿಯೆಂದೇ ಕಾಣುತ್ತದೆ, ಯಾರಾದರೂ 4 ಬೈಟಿನ ಇಮೋಜಿ ಹಾಕಿದ ದಿನ 1366 ಎಂಬ ದೋಷ ಬರುತ್ತದೆ. ಟೇಬಲನ್ನು ‘ಯುಟಿಎಫ್8ಎಂಬಿ4’ಗೆ ಬದಲಿಸಿ.

ನಮೂದುಗಳನ್ನು ಸಿಎಸ್‌ವಿಯಾಗಿ ಇಳಿಸಿಕೊಟ್ಟಾಗ ಎಕ್ಸೆಲ್‌ನಲ್ಲಿ ಕನ್ನಡದ ಬದಲು ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರಗಳು ಕಂಡರೆ ಡೇಟಾಬೇಸ್ ಕೆಟ್ಟಿದೆಯೆಂದು ಗಾಬರಿಯಾಗಬೇಡಿ. ಫೈಲನ್ನು ಬರೆಯುವಾಗ ಪೈಥಾನಿನಲ್ಲಿ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಎಂದು ಕೊಡಿ. ಆರಂಭದಲ್ಲಿ ಸೇರುವ 3 ಬೈಟಿನ ಗುರುತನ್ನು ನೋಡಿ ಎಕ್ಸೆಲ್ ಅದನ್ನು ಸರಿಯಾಗಿ ತೆರೆಯುತ್ತದೆ. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಸದಸ್ಯರ ಪಟ್ಟಿಯನ್ನು ಯಾರಾದರೂ ತಂದುಕೊಟ್ಟು ಅಂಟಿಸಿದ್ದರೆ ಮಾತ್ರ ಅಲ್ಲಿರುವುದು ನಿಜಕ್ಕೂ ಲ್ಯಾಟಿನ್ ಅಕ್ಷರಗಳೇ. ಅದನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೆಯೇ ಡೇಟಾಬೇಸಿಗೆ ಸೇರಿಸಬೇಕು.